ಡಿಸೆಂಬರಿನ ಎಂಟು ದಿನ: ರಜೆಯಲ್ಲಿ ಬಂದವರ ಮಂಗಳೂರು

ಕೊಲ್ಲಿ ದೇಶಗಳಿಂದ ರಜೆಯಲ್ಲಿ ಊರಿಗೆ ಬಂದವರಿಗೆ ಮಂಗಳೂರಿನಲ್ಲಿ ಎದುರಾಗುವ ಪ್ರಶ್ನೆ ಎರಡೇ. ‘ಏಪ ಬತ್ತಿನಿ?’ ಯಾವಾಗ ಬಂದದ್ದು? ಅದಕ್ಕೆ ಉತ್ತರ ಹೇಳಿ ಮುಗಿಸುವ ಮೊದಲೇ ‘ಏಪ ಪೋಪಿನಿ?’ ಯಾವಾಗ ಹೋಗುವುದು? ಪಕ್ಕದ ಮನೆಯವರು, ರಿಕ್ಷಾದವರು, ಮೀನು ಮಾರುವ ಅಕ್ಕ, ಎಲ್ಲರೂ ಕೇಳುವುದು ಇದನ್ನೇ. ಈ ಎರಡು ಉತ್ತರಗಳ ನಡುವೆ ಸಿಗುವುದು ಎಂಟೇ ದಿನ ಎಂದಾದರೆ ಅದನ್ನು ಹೇಗೆ ಜೋಡಿಸಿಕೊಳ್ಳಬೇಕು ಎಂಬುದನ್ನು ಇಲ್ಲಿ ದಿನವಾರು ಬರೆದಿದೆ. ತುಳುವರ ಕುಡ್ಲ, ಕೊಂಕಣಿಯವರ ಕೊಡಿಯಾಲ, ಬ್ಯಾರಿಗಳ ಮೈಕಾಲ ಎಲ್ಲ ಒಂದೇ ಊರು. ಆದರೆ ಮೀನು ಇಳಿಯುವ ದಕ್ಕೆಗೊಂದು ಹೊತ್ತು, ಯಕ್ಷಗಾನ ಮೇಳಕ್ಕೊಂದು ಹೊತ್ತು, ಬ್ಯಾಂಕಿಗೊಂದು ಹೊತ್ತು. ರಜೆ ಕೈತಪ್ಪುವುದು ಈ ಹೊತ್ತುಗಳನ್ನು ಹೊಂದಿಸದೆ ಹೋದಾಗ.

ಮೊದಲು ತಿಂಗಳಿನ ಮಾತು. ಕೊಲ್ಲಿಯ ಶಾಲೆಗಳಿಗೆ ದೊಡ್ಡ ರಜೆ ಇರುವುದು ಜುಲೈ, ಆಗಸ್ಟಿನಲ್ಲಿ. ಹಾಗಾಗಿ ಮಕ್ಕಳೊಂದಿಗರು ಬಂದಿಳಿಯುವುದು ಜಡಿಮಳೆಗೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದು ಬೋಟುಗಳೆಲ್ಲ ದಕ್ಕೆಯಲ್ಲಿ ಸಾಲಾಗಿ ಕಟ್ಟಿಹಾಕಿರುತ್ತವೆ. ನಾಡದೋಣಿಯ ಮೀನು ಬಂದರೂ ಕಡಿಮೆ, ದರ ಹೆಚ್ಚು. ಮೇ 24ರ ಸುಮಾರಿಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿರುತ್ತವೆ, ಕೋಲ ನೇಮಗಳೂ ನಿಂತಿರುತ್ತವೆ. ಕಂಬಳವಿಲ್ಲ, ಕಡಲಿಗೆ ಇಳಿಯುವ ಹಾಗೂ ಇಲ್ಲ. ಆಟಿ ತಿಂಗಳ ಪತ್ರೊಡೆ, ಎಳೆ ಬಿದಿರಿನ ಕಣಿಲೆ, ಅಮಾವಾಸ್ಯೆಯ ದಿನ ಕುಡಿಯುವ ಪಾಲೆ ಮರದ ಕೆತ್ತೆಯ ಕಷಾಯ, ಇವಕ್ಕಾಗಿ ಬರುವವರಿಗೆ ಮಳೆಗಾಲವೇ ಸರಿ. ಉಳಿದವರಿಗೆ ಡಿಸೆಂಬರ್. ಮೀನು ಉಂಟು, ಯಕ್ಷಗಾನದ ಆಟ ಉಂಟು, ಕಂಬಳ ಉಂಟು, ಕ್ರಿಸ್ಮಸ್ಸಿನ ತಿಂಡಿಗಳಾದ ಕುಸ್ವಾರ್ ಉಂಟು, ಕಡಲು ಶಾಂತ. ಕಷ್ಟ ಒಂದೇ, ವಿಮಾನದ ಟಿಕೆಟು. ಕ್ರಿಸ್ಮಸ್ಸಿಗೆ ಹತ್ತು ಹನ್ನೆರಡು ದಿನ ಮೊದಲೇ ಬರುವಂತೆ, ಅದೂ ವಾರದ ನಡುವಿನ ದಿನ ನೋಡಿ ತೆಗೆದರೆ ಸ್ವಲ್ಪ ಹಗುರವಾಗುತ್ತದೆ.

ಮೊದಲ ದಿನ, ಗುರುವಾರ

ದುಬೈಯಿಂದ ಮಂಗಳೂರಿಗೆ ಸುಮಾರು ಮೂರೂವರೆ ಗಂಟೆಯ ಹಾರಾಟ. ಗಡಿಯಾರ ಒಂದೂವರೆ ಗಂಟೆ ಮುಂದಕ್ಕೆ. ರಾತ್ರಿ ಹೊರಟ ವಿಮಾನ ಬೆಳಗಾಗುವಾಗ ಕೆಂಜಾರಿನ ಗುಡ್ಡದ ಮೇಲೆ ಇಳಿಯುತ್ತದೆ. ಗುಡ್ಡದ ನೆತ್ತಿಯನ್ನು ಸಮ ಮಾಡಿ ಕಟ್ಟಿದ ಈ 2,450 ಮೀಟರಿನ ರನ್‌ವೇ ಬಳಕೆಗೆ ಬಂದದ್ದು 2006ರಲ್ಲಿ. ಅದರ ಎರಡೂ ತುದಿಗೆ ಕಣಿವೆ. ಮಳೆಗಾಲದಲ್ಲಿ ಮೋಡ ಗುಡ್ಡದ ಮೇಲೆಯೇ ಕೂತುಬಿಡುವುದರಿಂದ ವಿಮಾನಗಳನ್ನು ಬೆಂಗಳೂರಿಗೋ ಕೇರಳಕ್ಕೋ ತಿರುಗಿಸುವುದುಂಟು. ಡಿಸೆಂಬರಿನಲ್ಲಿ ಆ ಚಿಂತೆ ಕಡಿಮೆ.

ಕಸ್ಟಮ್ಸಿನಲ್ಲಿ ತಕರಾರು ಏಳುವುದು ಹೆಚ್ಚಾಗಿ ಚಿನ್ನದ ವಿಷಯಕ್ಕೆ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೊರದೇಶದಲ್ಲಿದ್ದು ಬರುವ ಗಂಡಸರಿಗೆ 20 ಗ್ರಾಂ, ಹೆಂಗಸರಿಗೆ 40 ಗ್ರಾಂ ಎಂಬ ರಿಯಾಯಿತಿ ಇರುವುದು ಆಭರಣಕ್ಕೆ ಮಾತ್ರ. ನಾಣ್ಯ, ಬಿಸ್ಕತ್ತು ಈ ಲೆಕ್ಕಕ್ಕೆ ಬರುವುದಿಲ್ಲ. ನಿಯಮ ಬದಲಾಗುವುದುಂಟು, ಹೊರಡುವ ವಾರವೇ ಒಮ್ಮೆ ನೋಡಿಕೊಳ್ಳಿ. ಬಿಲ್ಲು ಕೈಯಲ್ಲಿರಲಿ. ವಿದೇಶಿ ಕರೆನ್ಸಿಯ ನೋಟು 5,000 ಅಮೆರಿಕನ್ ಡಾಲರ್ ಬೆಲೆ ದಾಟಿದರೆ ಘೋಷಣೆ ಕಡ್ಡಾಯ.

ವಿಮಾನ ನಿಲ್ದಾಣದಿಂದ ಪೇಟೆಗೆ ಹದಿಮೂರು ಹದಿನಾಲ್ಕು ಕಿಲೋಮೀಟರ್. ಮರವೂರು ಸೇತುವೆ, ಕಾವೂರು, ಬೊಂದೇಲ್, ಯೆಯ್ಯಾಡಿ, ಕೆಪಿಟಿ. ಮರವೂರಿನಲ್ಲಿ ಫಲ್ಗುಣಿ ಹೊಳೆ ದಾಟುವಾಗ ಕಾರಿನ ಗಾಜು ಇಳಿಸಿ. ಹಸಿ ಮಣ್ಣು, ತೆಂಗಿನ ಗರಿ ಸುಡುವ ಹೊಗೆ, ಹೊಳೆಯ ತಂಪು ಮೂರೂ ಒಟ್ಟಿಗೆ ಮೂಗಿಗೆ ಬಡಿಯುವುದು ಅಲ್ಲಿಯೇ.

ಮನೆ ತಲುಪಿದ ಮೇಲೆ ನಿದ್ದೆ. ಎದ್ದು ಮಾಡುವ ಮೊದಲ ಕೆಲಸ ಫೋನಿನದು. ಭಾರತದ ಸಿಮ್ ತೊಂಬತ್ತು ದಿನ ಬಳಕೆಯೇ ಇಲ್ಲದೆ ಬಿದ್ದಿದ್ದರೆ ನಂಬರು ರದ್ದಾಗಿರಬಹುದು. ನಂಬರು ಹೋದರೆ ಬ್ಯಾಂಕಿನ ಓಟಿಪಿ ಬರುವುದಿಲ್ಲ, ಆಧಾರ್ ಓಟಿಪಿ ಬರುವುದಿಲ್ಲ, ಯುಪಿಐ ನಡೆಯುವುದಿಲ್ಲ. ಎಳನೀರಿನ ಗಾಡಿಯವನೂ ಕ್ಯೂಆರ್ ಕೋಡ್ ತೋರಿಸುವ ಊರಿನಲ್ಲಿ ಇದು ಸಣ್ಣ ತೊಂದರೆಯಲ್ಲ. ಹೊರದೇಶದಲ್ಲಿರುವಾಗಲೇ ರೀಚಾರ್ಜ್ ಮಾಡಿ ನಂಬರನ್ನು ಉಳಿಸಿಕೊಳ್ಳುವುದು ಒಂದು ದಾರಿ. ಅನಿವಾಸಿಗಳ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಬ್ಯಾಂಕ್ ಖಾತೆಗೆ ಅಲ್ಲಿಯ ನಂಬರನ್ನೇ ಜೋಡಿಸಿ ಯುಪಿಐ ಮಾಡಿಸಿಕೊಳ್ಳುವುದು ಇನ್ನೊಂದು. ಯುಎಇ ಸಹಿತ ಹಲವು ದೇಶಗಳ ನಂಬರಿಗೆ ಆ ಅವಕಾಶ ಇದೆ, ನಿಮ್ಮ ಬ್ಯಾಂಕು ಅದನ್ನು ಕೊಡುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಸಂಜೆ ಹೋಟೆಲಿನಲ್ಲಿ ಬನ್ಸ್ ತಿನ್ನುವಾಗ ಒಂದನ್ನು ಮುರಿದು ಒಳಗೆ ನೋಡಿ. ಜೇನುಗೂಡಿನ ಹಾಗೆ ತೂತು, ಬಾಳೆಹಣ್ಣಿನ ಕಂದು ಎಳೆ, ಅಲ್ಲಲ್ಲಿ ಜೀರಿಗೆ. ದುಬೈಯ ಅಡುಗೆಮನೆಯಲ್ಲಿ ಇದು ಗಟ್ಟಿಯಾಗುವುದಕ್ಕೆ ಕಾರಣ ಸಾಮಾನ್ಯವಾಗಿ ಎರಡು. ಒಂದು, ಹಣ್ಣು ಸಾಕಷ್ಟು ಮಾಗಿರುವುದಿಲ್ಲ. ಸಿಪ್ಪೆ ಕಪ್ಪಾಗುವಷ್ಟು ಮಾಗಬೇಕು. ಇನ್ನೊಂದು, ಹಿಟ್ಟಿಗೆ ನೀರು ಹಾಕುವುದು. ಹಣ್ಣು, ಮೊಸರು, ಸಕ್ಕರೆ ಬಿಟ್ಟುಕೊಡುವ ನೀರೇ ಸಾಕು. ಎರಡು ದೊಡ್ಡ ಹಣ್ಣಿಗೆ ಎರಡು ಕಪ್ ಮೈದಾ, ಎರಡು ಮೂರು ಚಮಚ ಮೊಸರು, ಅಷ್ಟೇ ಸಕ್ಕರೆ, ಚಿಟಿಕೆ ಸೋಡಾ. ಕಲಸಿ ರಾತ್ರಿಯಿಡೀ ಮುಚ್ಚಿಟ್ಟು, ಪೂರಿಗಿಂತ ದಪ್ಪ ಲಟ್ಟಿಸಿ ಹದ ಉರಿಯಲ್ಲಿ ಕರಿಯಬೇಕು. ಎಣ್ಣೆ ಹೊಗೆಯಾಡುವಷ್ಟು ಕಾದಿದ್ದರೆ ಹೊರಗೆ ಕೆಂಪು, ಒಳಗೆ ಹಸಿ.

ಎರಡನೆಯ ದಿನ, ಶುಕ್ರವಾರ

ಕಚೇರಿ ಕೆಲಸವನ್ನು ಕೊನೆಗೆ ಇಟ್ಟುಕೊಂಡವರು ಅದನ್ನು ಮುಗಿಸದೆಯೇ ಹಿಂದಿರುಗುತ್ತಾರೆ. ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬ್ಯಾಂಕಿಲ್ಲ, ಭಾನುವಾರ ಇಲ್ಲ, 25ಕ್ಕೆ ರಜೆ. ಶುಕ್ರವಾರ ಹತ್ತು ಗಂಟೆಗೇ ಹೋದರೆ, ಯಾವುದಾದರೂ ಕಾಗದ ಕಡಿಮೆ ಬಿದ್ದರೂ ಸೋಮವಾರ ಮತ್ತೆ ಹೋಗಲು ದಿನ ಉಳಿದಿರುತ್ತದೆ. ಪಾಸ್‌ಪೋರ್ಟ್, ವೀಸಾ ಪುಟ ಅಥವಾ ರೆಸಿಡೆಂಟ್ ಐಡಿ, ಪಾನ್, ಹೊರದೇಶದ ವಿಳಾಸದ ಪುರಾವೆ, ಎರಡು ಫೋಟೊ, ಎಲ್ಲದರ ಎರಡೆರಡು ಪ್ರತಿ. ಹೊರದೇಶಕ್ಕೆ ಹೋಗುವ ಮೊದಲು ತೆರೆದ ಉಳಿತಾಯ ಖಾತೆಯನ್ನು ಹಾಗೆಯೇ ಬಿಟ್ಟಿರುವವರು ಬಹಳ ಮಂದಿ. ಅನಿವಾಸಿಯಾದ ಮೇಲೆ ಅದನ್ನು ಎನ್‌ಆರ್‌ಒಗೆ ಬದಲಾಯಿಸಬೇಕು, ನಿಯಮ ಇರುವುದೇ ಹಾಗೆ. ಭಾರತೀಯ ಪಾಸ್‌ಪೋರ್ಟ್ ಇರುವವರು ಆಧಾರ್ ಮಾಡಿಸಲು ಈಗ 182 ದಿನ ಊರಿನಲ್ಲಿ ಕಾಯಬೇಕಾಗಿಲ್ಲ, ಬಂದ ಮೇಲೆ ಅರ್ಜಿ ಕೊಡಬಹುದು.

ಹಂಪನಕಟ್ಟೆಯ ಕಡೆಗೆ ಬಂದಿರುತ್ತೀರಿ ಎಂದಾದರೆ ಮಧ್ಯಾಹ್ನದ ಮೇಲೆ ಲೈಟ್‌ಹೌಸ್ ಹಿಲ್ ಹತ್ತಿ. ಸಂತ ಅಲೋಶಿಯಸ್ ಕಾಲೇಜು ಸುರುವಾದದ್ದು 1880ರಲ್ಲಿ. ಅದರ ಚಾಪೆಲಿನ ಗೋಡೆ, ಮಾಡುಗಳನ್ನು ಇಟಲಿಯ ಜೆಸ್ವಿಟ್ ಸೋದರ ಆಂಟೋನಿಯೊ ಮೊಸ್ಕೇನಿ 1899ರಿಂದ ಸುಮಾರು ಎರಡು ವರ್ಷ ನಿಂತು ಚಿತ್ರಗಳಿಂದ ತುಂಬಿಸಿದರು. ಗೋಡೆಯವು ಫ್ರೆಸ್ಕೊ. ಹಸಿ ಸುಣ್ಣದ ಗಾರೆ ಒಣಗುವ ಮೊದಲೇ ಬಣ್ಣ ಹಾಕಿ ಮುಗಿಸಬೇಕು, ಬಣ್ಣ ಗಾರೆಯ ಒಳಕ್ಕೆ ಇಳಿದು ಅದರೊಂದಿಗೇ ಗಟ್ಟಿಯಾಗುತ್ತದೆ, ಆಮೇಲೆ ತಿದ್ದುವ ಹಾಗಿಲ್ಲ. ಅಂದಿನ ದಿನಕ್ಕೆ ಎಷ್ಟು ಬರೆಯಲು ಸಾಧ್ಯವೋ ಅಷ್ಟಕ್ಕೇ ಗಾರೆ ಬಳಿಯುವುದು. ಒಳಗೆ ಫೋಟೊ ತೆಗೆಯುವಂತಿಲ್ಲ, ಅದು ಒಳ್ಳೆಯದೇ. ಬೆಂಚಿನಲ್ಲಿ ಕೂತು ಹತ್ತು ನಿಮಿಷ ಮೇಲೆ ನೋಡಿದರೆ ಕಣ್ಣು ಹೊಂದಿಕೊಳ್ಳುತ್ತದೆ, ಕಮಾನಿನ ಕೆತ್ತನೆ ಎಂದು ಕಂಡದ್ದು ಕೆತ್ತನೆಯಲ್ಲ, ಬಣ್ಣದಲ್ಲಿ ಬರೆದ ನೆರಳು ಎಂದು ಆಗ ಗೊತ್ತಾಗುತ್ತದೆ.

ಅಲ್ಲಿಂದ ಬಲ್ಮಠಕ್ಕೆ ನಡೆದು ಹೋಗುವಷ್ಟೇ ದೂರ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮುದ್ರಣಾಲಯ 1841ರಲ್ಲಿ. ಹರ್ಮನ್ ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ ಹೊರಬಂದದ್ದು 1843ರ ಜುಲೈ 1ಕ್ಕೆ, ಕನ್ನಡದ ಪತ್ರಿಕೋದ್ಯಮ ಆ ದಿನವನ್ನೇ ಇಂದಿಗೂ ಪತ್ರಿಕಾ ದಿನವಾಗಿ ಆಚರಿಸುತ್ತದೆ. ಕಿಟ್ಟೆಲ್ ನಿಘಂಟು ಇಲ್ಲಿಯೇ 1894ರಲ್ಲಿ ಅಚ್ಚಾಯಿತು. ಹೊರದೇಶದಲ್ಲಿ ಹುಟ್ಟಿ ಕನ್ನಡ ಓದಲು ಕಲಿಯುತ್ತಿರುವ ಮಕ್ಕಳಿದ್ದರೆ ಈ ಜಾಗಕ್ಕೆ ಅವರನ್ನು ಕರೆತರಲೇಬೇಕು.

ಮೂರನೆಯ ದಿನ, ಶನಿವಾರ

ಕಂಬಳ ನಡೆಯುವುದು ನವೆಂಬರಿನಿಂದ ಮಾರ್ಚ್, ಏಪ್ರಿಲಿನವರೆಗೆ, ಹೆಚ್ಚಾಗಿ ಶನಿವಾರ ಬೆಳಗ್ಗೆ ಸುರುವಾಗಿ ಭಾನುವಾರಕ್ಕೆ ಮುಗಿಯುತ್ತದೆ. ಯಾವ ವಾರ ಯಾವ ಊರಿನದು ಎಂಬ ಪಟ್ಟಿ ಋತುವಿನ ಆರಂಭದಲ್ಲೇ ಹೊರಬರುತ್ತದೆ, ಟಿಕೆಟ್ ತೆಗೆಯುವ ಮುನ್ನ ಅದನ್ನು ನೋಡಿ. ಜೋಡುಕರೆ ಕಂಬಳ ಎಂದರೆ ಪಕ್ಕಪಕ್ಕದಲ್ಲಿ ಎರಡು ಕೆಸರುಗದ್ದೆಯ ಕರೆ. ಕೋಣಗಳು ಹೊರಡುವ ತುದಿ ಗಂತು, ಓಡಿ ಹತ್ತುವ ತುದಿ ಮಂಜೊಟ್ಟಿ. ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ, ಅಡ್ಡಹಲಗೆ, ಕನೆಹಲಗೆ ಎಂದು ಆರು ವಿಭಾಗ.

ಇವುಗಳಲ್ಲಿ ಕನೆಹಲಗೆಯದ್ದು ಬೇರೆಯೇ ಲೆಕ್ಕ. ಅಲ್ಲಿ ಗೆಲುವು ವೇಗದ್ದಲ್ಲ. ಓಡಿಸುವವನು ನಿಲ್ಲುವ ಹಲಗೆಯಲ್ಲಿ ತೂತು ಇರುತ್ತದೆ, ಕೋಣ ಓಡಿದಂತೆ ಆ ತೂತಿನಿಂದ ಕೆಸರುನೀರು ಬುಗ್ಗೆಯಾಗಿ ಮೇಲೆ ಚಿಮ್ಮುತ್ತದೆ. ಕರೆಗೆ ಅಡ್ಡಲಾಗಿ ಮೇಲೆ ಕಟ್ಟಿದ ನಿಶಾನೆಯ ಬಟ್ಟೆಗೆ ಆ ನೀರು ತಾಗಬೇಕು. ಆರೂವರೆ ಕೋಲು, ಏಳೂವರೆ ಕೋಲು ಎಂದು ಎತ್ತರ. ಬಟ್ಟೆ ಒದ್ದೆಯಾಯಿತೆಂದು ಗೊತ್ತಾದ ಕ್ಷಣ ಇಡೀ ಗದ್ದೆ ಕೂಗುತ್ತದೆ. ಅದನ್ನು ನೋಡಲು ಕರೆಯ ನಡುವಿನ ಬದಿಯಲ್ಲಿ, ನಿಶಾನೆಗೆ ನೇರವಾಗಿ ನಿಲ್ಲಬೇಕು. ಓಟ ನೋಡಲು ಮಂಜೊಟ್ಟಿಯ ಹತ್ತಿರ ಒಳ್ಳೆಯದು, ಆದರೆ ಬೇಲಿಯ ಹೊರಗೆ. ವೇಗದಲ್ಲಿ ಹತ್ತಿ ಬಂದ ಕೋಣಗಳು ಎತ್ತ ತಿರುಗುತ್ತವೆ ಎಂದು ಹೇಳಲಾಗದು, ಚಿಕ್ಕ ಮಕ್ಕಳನ್ನು ಅಲ್ಲಿ ನಿಲ್ಲಿಸಲೇಬಾರದು.

ಹಗಲು ಬಿಸಿಲು 32 ಡಿಗ್ರಿ ದಾಟುತ್ತದೆ, ನೆರಳು ಕಡಿಮೆ. ಸಂಜೆ ನಾಲ್ಕರ ಮೇಲೆ ಹೋಗಿ ರಾತ್ರಿ ಹೊನಲು ಬೆಳಕಿನ ಓಟಗಳನ್ನು ನೋಡಿ ಹನ್ನೊಂದಕ್ಕೆ ಹೊರಡುವುದು ನಮ್ಮ ಸಲಹೆ. ಹೋದ ವಾಹನವನ್ನೇ ಹಿಂದಿರುಗಲೂ ಇಟ್ಟುಕೊಳ್ಳಿ, ರಾತ್ರಿ ಆ ಗದ್ದೆಯ ಬದಿಯಲ್ಲಿ ರಿಕ್ಷಾ ಸಿಗುವುದು ಕಷ್ಟ. ಕಂಬಳ ನಿಂತೇಹೋಗುತ್ತದೆಯೋ ಎಂದು ಹೊರದೇಶದಲ್ಲಿ ಕೂತು ಕಳವಳಪಟ್ಟವರು ಎಷ್ಟೋ ಮಂದಿ. ಕಂಬಳಕ್ಕೆ ಅವಕಾಶ ಕೊಡಲು 2017ರಲ್ಲಿ ರಾಜ್ಯ ತಂದ ಕಾನೂನು ತಿದ್ದುಪಡಿಯನ್ನು ಸುಪ್ರೀಂ ಕೋರ್ಟು 2023ರ ಮೇ 18ಕ್ಕೆ ಎತ್ತಿಹಿಡಿದ ಮೇಲೆ ಆ ಭಯ ದೂರವಾಗಿದೆ.

ನಾಲ್ಕನೆಯ ದಿನ, ಭಾನುವಾರ

ಭಾನುವಾರ ಸಂಜೆ ಪಣಂಬೂರಿನಲ್ಲಿ ಊರಿಗೆ ಊರೇ ನೆರೆದಿರುತ್ತದೆ. ಕಡಲನ್ನು ಬೆಳಗ್ಗೆ ನೋಡಿ. ಬೋಳೂರಿನ ಸುಲ್ತಾನ್ ಬತ್ತೇರಿ, 1784ರಲ್ಲಿ ಟಿಪ್ಪು ಕಟ್ಟಿಸಿದ ಕಪ್ಪುಕಲ್ಲಿನ ಕಾವಲು ಬುರುಜು. ಅದರ ಬುಡದಲ್ಲಿ ಫಲ್ಗುಣಿ ದಾಟಲು ದೋಣಿ. ಐದು ನಿಮಿಷದಲ್ಲಿ ತಣ್ಣೀರುಬಾವಿ. ರಸ್ತೆಯಲ್ಲಿ ಹೋದರೆ ಕೂಳೂರು ಸೇತುವೆ ಸುತ್ತಿ ಬರಬೇಕು. ದೋಣಿಯಲ್ಲಿ ಮೀನುಬುಟ್ಟಿ, ಸೈಕಲ್, ಶಾಲೆಯ ಮಕ್ಕಳು ಎಲ್ಲ ಒಟ್ಟಿಗೆ. ಚಿಲ್ಲರೆ ಇಟ್ಟುಕೊಳ್ಳಿ, ಕೊನೆಯ ದೋಣಿ ಎಷ್ಟು ಗಂಟೆಗೆ ಎಂದು ಹೋಗುವಾಗಲೇ ಕೇಳಿ.

ಬೆಳಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುವುದರಿಂದ ಅಲೆ ಚಿಕ್ಕದು. ಹನ್ನೊಂದು ಹನ್ನೆರಡರ ಹೊತ್ತಿಗೆ ಗಾಳಿ ತಿರುಗಿ ಕಡಲಿನಿಂದ ಬೀಸತೊಡಗುತ್ತದೆ, ಅಲೆ ಏಳುತ್ತದೆ. ಕೊಲ್ಲಿಯ ಕಡಲು ನೋಡಿ ಬೆಳೆದ ಮಕ್ಕಳಿಗೆ ಒಂದು ಮಾತು ಹೇಳಿಯೇ ನೀರಿಗೆ ಬಿಡಿ. ಅಲ್ಲಿಯ ನೀರು ಸೊಂಟದ ಮಟ್ಟದಲ್ಲಿ ದೂರದವರೆಗೆ ಹೋಗುತ್ತದೆ, ಇಲ್ಲಿಯದು ಹಾಗಲ್ಲ. ನಾಲ್ಕು ಹೆಜ್ಜೆಗೇ ಆಳ, ಹಿಂದಿರುಗುವ ಅಲೆ ಕಾಲಡಿಯ ಮರಳನ್ನೇ ಎಳೆಯುತ್ತದೆ. ಜೀವರಕ್ಷಕರು ನಿಂತ ಕಡೆ, ಮೊಣಕಾಲಿನವರೆಗೆ, ಅಷ್ಟೇ.

ಹಿಂದಿರುಗುವಾಗ ಕೂಳೂರಿನ ದಾರಿ ಹಿಡಿದರೆ ಹೊಳೆಯ ದಂಡೆಯಲ್ಲಿ ವಿಮಾನ ದುರಂತದ ಸ್ಮಾರಕ ಉದ್ಯಾನ ಇದೆ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಕೆಂಜಾರಿನ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು, ಎಂಟು ಮಂದಿ ಉಳಿದರು. ಗುರುತು ಹಿಡಿಯಲಾಗದ ಹನ್ನೆರಡು ಮಂದಿಯನ್ನು ಈ ಹೊಳೆಯ ಬದಿಯಲ್ಲಿಯೇ ಮಣ್ಣು ಮಾಡಿದರು. ಅವರೆಲ್ಲ ರಜೆಗೆ, ಮದುವೆಗೆ, ಮನೆಯ ಸಾವಿಗೆ, ಹೆರಿಗೆಗೆ ಎಂದು ಊರಿಗೆ ಬರುತ್ತಿದ್ದವರು. ಅದೇ ದಾರಿಯಲ್ಲಿ ಬಂದವರು ಒಂದು ಗಳಿಗೆ ಇಲ್ಲಿ ನಿಲ್ಲಬೇಕು.

ಐದನೆಯ ದಿನ, ಸೋಮವಾರ

ಇಡೀ ರಜೆಯಲ್ಲಿ ಒಂದೇ ದಿನ ಅಲಾರಂ ಇಡುವುದಾದರೆ ಇಂದು ಇಡಿ. ಹಳೆ ಬಂದರಿನ ದಕ್ಕೆಗೆ ನಸುಕಿನ ಐದರ ಒಳಗೆ ತಲುಪಬೇಕು. ದುಬೈ ಹೊತ್ತಿನಲ್ಲಿ ಅದು ಮೂರೂವರೆ, ಆದ್ದರಿಂದಲೇ ಮೈ ಊರಿನ ಗಡಿಯಾರಕ್ಕೆ ಒಗ್ಗಿದ ಮೇಲೆ, ಐದನೆಯ ದಿನಕ್ಕೆ ಇದನ್ನು ಇಟ್ಟಿದೆ. ಭಾನುವಾರದ ಗಿರಾಕಿಗಳ ನೂಕುನುಗ್ಗಲೂ ಇರುವುದಿಲ್ಲ. ಕಾಲಿಗೆ ರಬ್ಬರ್ ಚಪ್ಪಲಿ, ಕೈಯಲ್ಲಿ ಐಸ್ ಹಾಕಲು ಮುಚ್ಚಳವಿರುವ ಡಬ್ಬ. ನೆಲ ಜಾರುತ್ತದೆ. ಕ್ರೇಟ್ ಹೊತ್ತು ಓಡುವವರಿಗೆ ದಾರಿ ಬಿಟ್ಟು ನಿಲ್ಲಿ, ಅವರಿಗೆ ನಿಲ್ಲಲು ಪುರುಸೊತ್ತಿಲ್ಲ.

ಬೋಟು ದಂಡೆಗೆ ತಾಗುತ್ತಿದ್ದಂತೆ ಕ್ರೇಟುಗಳು ಕೈಯಿಂದ ಕೈಗೆ ಹಾರಿ ಬರುತ್ತವೆ. ಐಸಿನ ಪುಡಿ, ಡೀಸೆಲಿನ ವಾಸನೆ, ಏಲಂ ಕೂಗುವವನ ಉಸಿರು ಬಿಡದ ಎಣಿಕೆ. ಏಲಂ ನಡೆಯುವುದು ಒಟ್ಟು ಮಾಲಿಗೆ, ಮನೆಗೆ ಒಯ್ಯುವವರು ಅದರಲ್ಲಿ ಕೈ ಹಾಕುವುದಲ್ಲ. ಏಲಂನಲ್ಲಿ ಹಿಡಿದ ಮೀನನ್ನು ಅಲ್ಲಿಯೇ ಬದಿಯಲ್ಲಿ ಬುಟ್ಟಿಗೆ ಸುರಿದುಕೊಂಡು ಕೂತ ಮೊಗವೀರ ಹೆಂಗಸರ ಹತ್ತಿರ ಹೋಗಿ ‘ಅಕ್ಕ, ಏತ್?’ ಎಂದು ಕೇಳಿ. ತುಳುವಿನಲ್ಲಿ ಕೇಳಿದರೆ ದರ ಒಂದು, ಇಂಗ್ಲಿಷಿನಲ್ಲಿ ಕೇಳಿದರೆ ಇನ್ನೊಂದು ಎನ್ನುತ್ತಾರೆ. ಏನೇ ಇರಲಿ, ತುಳುವಿನಲ್ಲಿ ಕೇಳಿದವರಿಗೆ ಯಾವ ಮೀನು ಇಂದು ಬೇಡ ಎಂಬ ಮಾತೂ ಉಚಿತವಾಗಿ ಸಿಗುತ್ತದೆ.

ದಕ್ಕೆಯಲ್ಲಿ ಇಳಿದದ್ದೆಲ್ಲ ತಾಜಾ ಎಂದುಕೊಳ್ಳುವುದು ತಪ್ಪು. ಆಳಸಮುದ್ರದ ಟ್ರಾಲ್ ಬೋಟುಗಳು ಒಮ್ಮೆ ಹೋದರೆ ಹತ್ತು ದಿನದ ಸುಮಾರು ಕಡಲಿನಲ್ಲೇ ಇರುತ್ತವೆ. ಮೊದಲ ದಿನ ಬಲೆಗೆ ಬಿದ್ದ ಮೀನು ಅಷ್ಟೂ ದಿನ ಐಸಿನಲ್ಲಿ ಕೂತು ಬಂದಿರುತ್ತದೆ. ಅಂದೇ ಹೋಗಿ ಅಂದೇ ಬರುವ ಸಣ್ಣ ಬೋಟು, ನಾಡದೋಣಿಯ ಮೀನು ಬೇರೆ. ಆದ್ದರಿಂದ ಬೋಟು ನೋಡಿ ಅಲ್ಲ, ಮೀನು ನೋಡಿ ಕೊಳ್ಳಿ. ಬಂಗುಡೆಯ ತಲೆ ಹಿಡಿದು ಅಡ್ಡಲಾಗಿ ಎತ್ತಿ: ತಾಜಾ ಆದರೆ ಕೋಲಿನ ಹಾಗೆ ನೆಟ್ಟಗೆ ನಿಲ್ಲುತ್ತದೆ, ಹಳತಾದರೆ ಬಾಲ ಜೋತುಬೀಳುತ್ತದೆ. ಕಿವಿರು ಎತ್ತಿ ನೋಡಿದರೆ ರಕ್ತಗೆಂಪು ಇರಬೇಕು, ಕಂದು ಬೇಡ. ಕಣ್ಣು ಉಬ್ಬಿ ಹೊಳೆಯಬೇಕು. ಬೆರಳಿನಿಂದ ಒತ್ತಿದ ಗುಳಿ ಕೂಡಲೇ ತುಂಬಬೇಕು. ಬೂತಾಯಿಯ ಹೊಟ್ಟೆ ಒಡೆದಿದ್ದರೆ ಬಿಟ್ಟುಬಿಡಿ. ಅಂಜಲನ್ನು ತುಂಡು ಮಾಡಿಸುವಾಗ ನಡುವಿನ ಭಾಗ ಕೇಳಿ. ಮಾಂಜಿ, ಕಾಣೆ ದುಬಾರಿ. ಕಾಣೆಯನ್ನು ರವೆ ಹಚ್ಚಿ ಕಾಯಿಸಿದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಮನೆಗೆ ಒಯ್ಯುವಾಗ ಮೀನಿನಷ್ಟೇ ತೂಕದ ಐಸ್. ಬಂಗುಡೆ, ಬೂತಾಯಿಗಳನ್ನು ಬಿಸಿಲಿನಲ್ಲಿ ಒಂದೆರಡು ಗಂಟೆ ಬಿಟ್ಟರೆ ಅವುಗಳ ಮಾಂಸದಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಉಂಡ ಅರ್ಧ ಗಂಟೆಗೆ ಮುಖ ಕೆಂಪೇರಿ ಮೈ ತುರಿಸುವುದು ಇದರಿಂದ. ಊರಿನ ಮೀನು ಒಗ್ಗಲಿಲ್ಲ ಎಂದು ಹೇಳುವವರಲ್ಲಿ ಅನೇಕರಿಗೆ ಒಗ್ಗದೇ ಹೋದದ್ದು ಐಸಿಲ್ಲದ ಪ್ರಯಾಣ.

ಇನ್ನು ಪುಳಿಮುಂಚಿ, ಹುಳಿ ಖಾರದ ಮೀನು ಸಾರು. ಒಂದು ಕಿಲೊ ಬಂಗುಡೆಗೆ, ಅಂದರೆ ಹದ ಗಾತ್ರದ್ದು ಎಂಟು ಹತ್ತು, ಬಣ್ಣಕ್ಕೆ ಬ್ಯಾಡಗಿ ಮೆಣಸು 18, ಖಾರಕ್ಕೆ ಗಿಡ್ಡ ಮೆಣಸು ಐದಾರು, ಕೊತ್ತಂಬರಿ ಒಂದು ದೊಡ್ಡ ಚಮಚ, ಜೀರಿಗೆ ಅರ್ಧ ಚಮಚ, ಮೆಂತೆ ಕಾಲು ಚಮಚ, ಕಾಳುಮೆಣಸು ಹತ್ತು. ಒಂದೊಂದನ್ನೇ ಬೇರೆಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಬೇಕು. ಮೆಂತೆ ಹೊಂಬಣ್ಣಕ್ಕೆ ನಿಲ್ಲಬೇಕು, ಕಪ್ಪಾದರೆ ಇಡೀ ಸಾರು ಕಹಿ. ಎಂಟು ಎಸಳು ಬೆಳ್ಳುಳ್ಳಿ, ಒಂದು ನೀರುಳ್ಳಿ, ನಿಂಬೆ ಗಾತ್ರದ ಹುಳಿ, ಚೂರು ಅರಿಸಿನ ಸೇರಿಸಿ ನುಣ್ಣಗೆ ಅರೆಯಿರಿ. ತೆಂಗಿನಕಾಯಿ ಇಲ್ಲ, ಅದು ಹಾಕಿದರೆ ಗಸಿಯಾಗುತ್ತದೆ. ಮಣ್ಣಿನ ಬಿಸಲೆಯಲ್ಲಿ ತೆಂಗಿನೆಣ್ಣೆ ಬಿಸಿಮಾಡಿ ಜಜ್ಜಿದ ಶುಂಠಿ, ಸೀಳಿದ ಹಸಿಮೆಣಸು, ಮೇಲೆ ಮಸಾಲೆ, ಉಪ್ಪು. ಮಸಾಲೆ ಕುದಿದು ಬದಿಯಲ್ಲಿ ಎಣ್ಣೆ ಕಾಣಿಸಿದ ಮೇಲೆಯೇ ಮೀನು ಬಿಡಬೇಕು. ಆರೇಳು ನಿಮಿಷ ಸಾಕು. ಸೌಟು ಹಾಕಬೇಡಿ, ಮೀನು ಪುಡಿಯಾಗುತ್ತದೆ. ಬಟ್ಟೆಯಿಂದ ಬಿಸಲೆಯ ಎರಡು ಬದಿ ಹಿಡಿದು ತಿರುಗಿಸಿದರೆ ಮಸಾಲೆ ತಾನಾಗಿ ಮೇಲೆ ಹತ್ತುತ್ತದೆ. ಅಂದಿಗಿಂತ ಮರುದಿನದ ಕುಚ್ಚಲಕ್ಕಿ ಗಂಜಿಗೆ ಇದರ ರುಚಿ ಹೆಚ್ಚು.

ಅಲ್ಲಿಗೆ ಹೋಗಿ ಮಾಡುವಾಗ ಕೆಡುವುದು ಹೀಗೆ: ಫ್ರೀಜರಿನ ಬಂಗುಡೆ ನೀರು ಬಿಡುತ್ತದೆ, ಸಾರು ತೆಳ್ಳಗಾಗುತ್ತದೆ. ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಟ್ಟು ಕರಗಿಸಿ, ನೀರು ಬಸಿದು, ಮಸಾಲೆಯನ್ನು ಇನ್ನೂ ಗಟ್ಟಿಯಾಗುವವರೆಗೆ ಕುದಿಸಿಯೇ ಮೀನು ಹಾಕಿ. ಬಾಟಲಿಯ ಹುಳಿಯಲ್ಲಿ ಉಪ್ಪು ಬೆರೆತಿರುತ್ತದೆ, ಉಪ್ಪನ್ನು ಕೊನೆಗೆ ನೋಡಿ ಹಾಕಿ.

ಬಂದರಿನ ಗಲ್ಲಿಗಳು ಇಲ್ಲಿಂದ ಕೂಗಳತೆ. ಜೀನತ್ ಬಕ್ಷ್ ಮಸೀದಿಯ ಮರದ ಕಂಬಗಳ ಕೆತ್ತನೆ, 1568ರಿಂದ ಇರುವ ರೊಸಾರಿಯೊ ಚರ್ಚು, ರಥಬೀದಿಯ ವೆಂಕಟರಮಣ ದೇವಸ್ಥಾನ, ಎಲ್ಲ ಒಂದೇ ಬೆಳಗ್ಗಿನ ನಡಿಗೆಯಲ್ಲಿ ಮುಗಿಯುತ್ತವೆ. ನಡೆಯುವಾಗ ಹಳೆಯ ಗೋದಾಮುಗಳ ಮಾಡು ನೋಡಿ. ನೇತ್ರಾವತಿಯ ಜೇಡಿಯಿಂದ ಹಂಚು ಮಾಡುವ ಮೊದಲ ಕಾರ್ಖಾನೆಯನ್ನು ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ತೆರೆದದ್ದು 1865ರಲ್ಲಿ. ಹಂಚಿನ ಅಡಿಯಲ್ಲಿ ಕಾರ್ಖಾನೆಯ ಹೆಸರಿನ ಅಚ್ಚು ಇರುತ್ತದೆ. ಹಳೆ ಮನೆ ಕೆಡವುವಲ್ಲಿ ಒಂದು ಕೇಳಿ ತೆಗೆದುಕೊಂಡರೆ ಎರಡು ಕಿಲೊ ಭಾರ, ಆದರೂ ಸೂಟ್‌ಕೇಸಿನಲ್ಲಿ ಜಾಗ ಕೊಡಬಹುದಾದ ವಸ್ತು.

ಆರನೆಯ ದಿನ, ಮಂಗಳವಾರ

ಬೆಳಗ್ಗೆ ಮೂಡುಬಿದಿರೆ, ಸುಮಾರು 35 ಕಿಲೋಮೀಟರ್. 1430ರ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದ ಹಾಗೆ ಇನ್ನೊಂದಿಲ್ಲ. ಹಿಂದಿರುಗುವಾಗ ಕಿನ್ನಿಗೋಳಿ ದಾರಿಯಲ್ಲಿ ಕಟೀಲು, ನಂದಿನಿ ನದಿಯ ನಡುವಿನ ದೇವಸ್ಥಾನ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಎರಡೂ ಕಡೆಗೆ ಖಾಸಗಿ ಬಸ್ಸುಗಳಿವೆ. ಮಹಿಳೆಯರ ಉಚಿತ ಪ್ರಯಾಣ ಸರಕಾರಿ ಬಸ್ಸಿಗೆ ಮಾತ್ರ, ಇವುಗಳಲ್ಲಿ ಟಿಕೆಟು ತೆಗೆಯಬೇಕು.

ರಾತ್ರಿ ಆಟ. ಕಟೀಲು ಮೇಳಗಳ ಆಟ ಹರಕೆಯ ಸೇವೆ, ನೋಡುವವರಿಗೆ ಟಿಕೆಟಿಲ್ಲ, ಆಡಿಸುವವರು ವರ್ಷಗಟ್ಟಲೆ ಮೊದಲೇ ಹೆಸರು ಬರೆಸಿ ಕಾಯುತ್ತಾರೆ. ಬಹಳ ವರ್ಷಗಳ ಮೇಲೆ ಬಂದವರು ತಪ್ಪುವುದು ಹೊತ್ತಿನಲ್ಲಿ. ಊಟ ಮಾಡಿ ಹತ್ತಕ್ಕೆ ಹೋಗಿ ಬೆಳಗಿನವರೆಗೆ ಕೂರುವ ಕಾಲ ಹೆಚ್ಚಿನ ಕಡೆ ಈಗಿಲ್ಲ. ಧ್ವನಿವರ್ಧಕದ ನಿಯಮದಿಂದಾಗಿ ಕಾಲಮಿತಿ ಪ್ರದರ್ಶನ, ಸಂಜೆ ಸುರುವಾಗಿ ಮಧ್ಯರಾತ್ರಿಯ ಹೊತ್ತಿಗೆ ಮಂಗಳ. ಆರು ಗಂಟೆಗೇ ಹೋಗಿ. ಮೊದಲು ವೇಷ ಕಟ್ಟುವ ಚೌಕಿಯ ಹತ್ತಿರ ನಿಂತು ಬಣ್ಣ ಹಾಕುವುದನ್ನು ನೋಡಿ. ಬಣ್ಣದ ವೇಷದವರು ಅಕ್ಕಿಹಿಟ್ಟು ಸುಣ್ಣ ಕಲಸಿದ ಬಿಳಿಯ ಚಿಟ್ಟಿಯನ್ನು ಮುಖದ ಮೇಲೆ ಚುಕ್ಕಿಚುಕ್ಕಿಯಾಗಿ ಏರಿಸುತ್ತಾ ಹೋಗುವುದು ಗಂಟೆಗಳ ಕೆಲಸ. ಆಮೇಲೆ ಬಂದು ಚೆಂಡೆಯ ಬದಿ ಬಿಟ್ಟು, ಭಾಗವತರ ಮುಖ ಕಾಣುವ ಕಡೆ ಕೂರಿ.

ಏಳನೆಯ ದಿನ, ಬುಧವಾರ

ಬೆಳಗ್ಗೆ ಪೇಟೆ. ಕೋರಿರೊಟ್ಟಿಯ ರೊಟ್ಟಿ ಕೈಚೀಲದಲ್ಲಿಯೇ ಹೋಗಬೇಕು, ಕೆಳಗೆ ಹಾಕಿದರೆ ತಲುಪುವುದು ಪುಡಿ. ಬಾಫಾತ್ ಪುಡಿ, ಹಲಸಿನ ಹಪ್ಪಳ, ಪುನರ್ಪುಳಿಯ ಒಣ ಸಿಪ್ಪೆ, ಗೇರುಬೀಜ, ಕುಚ್ಚಲಕ್ಕಿ. ಕ್ರಿಸ್ಮಸ್ಸಿನ ವಾರ ಬೇಕರಿಗಳಲ್ಲಿ ಕುಸ್ವಾರ್ ತಯಾರಿರುತ್ತದೆ: ಕಿಡ್ಯೊ, ನೆವ್ರಿಯೊ, ಗುಳಿಯೊ, ಕೊಕ್ಕಿಸಾಂ. ಕಿಡ್ಯೊ ಗಟ್ಟಿ, ಬೇಗ ಕೆಡುವುದಿಲ್ಲ. ನೆವ್ರಿಯೊ ಒಡೆಯುತ್ತದೆ, ಅದಕ್ಕೆ ಗಟ್ಟಿ ಡಬ್ಬ.

ಒಯ್ಯಬಾರದ್ದನ್ನು ಇನ್ನೂ ಗಮನವಿಟ್ಟು ನೋಡಿ. ಗಸಗಸೆ ಯುಎಇ, ಸೌದಿಗಳಲ್ಲಿ ನಿಷಿದ್ಧ, ಅದನ್ನು ಮಾದಕ ವಸ್ತುವಿನ ಸಾಲಿಗೆ ಸೇರಿಸಿದ್ದಾರೆ. ಪಾಯಸಕ್ಕೆಂದು ಅಮ್ಮ ಕಟ್ಟಿಕೊಟ್ಟ ಐವತ್ತು ಗ್ರಾಂ ಪೊಟ್ಟಣವೂ ಜೈಲಿನವರೆಗೆ ಒಯ್ಯಬಹುದು. ಮನೆಯ ಮಸಾಲೆ ಪುಡಿಯಲ್ಲಿ ಗಸಗಸೆ ಹುರಿದು ಹಾಕಿದ್ದಾರೆಯೇ ಎಂದು ಬಾಯಿಬಿಟ್ಟು ಕೇಳಿ. ವೀಳ್ಯದೆಲೆಯೂ ಯುಎಇಗೆ ಬೇಡ. ಟ್ರಾಮಡಾಲ್, ಕೊಡೀನ್ ಇರುವ ನೋವು, ಕೆಮ್ಮಿನ ಔಷಧಿಗಳಿಗೆ ಅಲ್ಲಿ ಮೊದಲೇ ಅನುಮತಿ ಬೇಕು. ಒಣಕೊಬ್ಬರಿಯನ್ನು ಇಲ್ಲಿಯ ವಿಮಾನ ಭದ್ರತೆಯವರೇ ತೆಗೆಸುತ್ತಾರೆ, ಎಣ್ಣೆಯಂಶದಿಂದಾಗಿ ಅದು ಬೇಗ ಬೆಂಕಿ ಹಿಡಿಯುವ ವಸ್ತು. ಉಪ್ಪಿನಕಾಯಿ, ತುಪ್ಪ ಕೈಚೀಲದಲ್ಲಿ ಬೇಡ, ಕೆಳಗಿನ ಸೂಟ್‌ಕೇಸಿಗೆ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಹಾಕಿ.

ಐದು ಗಂಟೆಗೆ ಸೋಮೇಶ್ವರ. ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟಿನಿಂದ ಬಲಕ್ಕೆ. ದೇವಸ್ಥಾನದ ಕೆಳಗಿನ ಬಂಡೆಗಳು ಪಾಚಿಯಿಂದ ಜಾರುತ್ತವೆ, ಅಲೆ ತಾಗುವ ಬಂಡೆಯ ಮೇಲೆ ಹತ್ತಬೇಡಿ. ಡಿಸೆಂಬರಿನ ಕೊನೆಗೆ ಸೂರ್ಯ ಮುಳುಗುವುದು 6:10ರ ಆಸುಪಾಸಿಗೆ. ಮುಳುಗಿದ ಮೇಲೂ ಇಪ್ಪತ್ತು ನಿಮಿಷ ಕೂರಿ, ಆಮೇಲೆಯೇ ಆಕಾಶ ಕೆಂಪೇರುವುದು.

ಎಂಟನೆಯ ದಿನ, ಗುರುವಾರ

ಹೊರಡುವ ಮುನ್ನ ಮಲ್ಲಿಗೆ ಬೇಕೆನ್ನುವವರಿಗೆ: ಶಂಕರಪುರದ ಮಲ್ಲಿಗೆ ಮಾರುವುದು ಅಟ್ಟೆಯ ಲೆಕ್ಕದಲ್ಲಿ. ಒಂದು ಚೆಂಡಿಗೆ 800 ಹೂವು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನಕ್ಕೊಂದು, ಮದುವೆಯ ಮುಹೂರ್ತ ಇದ್ದರೆ ಏರುತ್ತದೆ. ಮೊಗ್ಗನ್ನೇ ಕೊಳ್ಳಿ. ಬಾಳೆಎಲೆಯಲ್ಲಿ ಸುತ್ತಿ, ಮೇಲೆ ಒದ್ದೆ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಡಬ್ಬ. ಮೂರು ಗಂಟೆ ಮೊದಲು ವಿಮಾನ ನಿಲ್ದಾಣಕ್ಕೆ ತಲುಪಬೇಕು, ಕೆಪಿಟಿಯಿಂದ ಕಾವೂರಿನವರೆಗೆ ಸಂಜೆ ದಟ್ಟಣೆ ಇರುವುದರಿಂದ ಇನ್ನೊಂದು ಅರ್ಧ ಗಂಟೆ ಸೇರಿಸಿಕೊಳ್ಳಿ. ಅಂದು ರಾತ್ರಿ ಶಾರ್ಜಾದಲ್ಲೋ ದುಬೈಯ ಕರಾಮದಲ್ಲೋ ಡಬ್ಬ ತೆರೆಯುವ ಹೊತ್ತಿಗೆ ಮೊಗ್ಗು ಅರಳಿರುತ್ತದೆ.